ಕೆಂಪು ಕಾಣದ ಕಣ್ಣು

"ಬಾವುಟ ಕಾಣ್ಲಿಲ್ಲ ಅಂದ್ರೆ ಯಾರು ನಂಬ್ತಾರೆ? ಕೆಂಪಗೆ ಹಾರಾಡ್ತೈತೆ!" ಮೀನುಗಾರರ ಸಂಘದ ಅಧ್ಯಕ್ಷ ಉಚ್ಚಂಗೆಪ್ಪ ಕರಿಯಕ್ಕನ ಬಲೆಯನ್ನು ಸಂಘದ ಕಚೇರಿಯ ಅಂಗಳಕ್ಕೆ ಎಸೆದ. ಮೀನುಮರಿ ಬಿಟ್ಟು ಕೆಂಪು ಬಾವುಟ ಕಟ್ಟಿದ್ದ ಜಾಗದಲ್ಲಿ ಬಲೆ ಹಾಕಿದ ತಪ್ಪಿಗೆ ಅವಳು ಇನ್ನು ಸೂಳೆಕೆರೆಯಲ್ಲಿ ತೆಪ್ಪ ಇಳಿಸುವಂತಿಲ್ಲ ಎಂದು ಸಂಘ ತೀರ್ಮಾನಿಸಿತ್ತು.

ಕರಿಯಕ್ಕ ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡು ಬಿಸಿಲಿನಲ್ಲಿ ನಿಂತಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಬಣ್ಣ ಕಾಣದು; ಹಗಲಲ್ಲಿ ಕಣ್ಣು ಬಿಡುವುದೇ ಕಷ್ಟ. ಹೊತ್ತು ಇಳಿದ ಮೇಲೆ ಎಲ್ಲ ಸಲೀಸು. ಅವಳು ಮೀನಿಗೆ ಹೋಗುತ್ತಿದ್ದುದೂ ಆಗಲೇ.

"ಅಧ್ಯಕ್ಷರೇ, ಮಬ್ಬಿನಾಗೆ ಕೆಂಪು ಬಟ್ಟೆನೂ ಕೆರೆ ನೀರೂ ದೊಡ್ಡಮ್ಮಗೆ ಒಂದೇ ಥರ ಕಾಣ್ತಾವೆ," ಎಂದಳು ತಂಗಿಯ ಮಗಳು ಸುನಿತಾ. ಚನ್ನಗಿರಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದವಳು. "ತಿಮಿಂಗಿಲದ ಕಣ್ಣೂ ಹಿಂಗೇ ರೀ. ಬಣ್ಣ ಗೊತ್ತಾಗಲ್ಲ, ಬೆಳಕು ಎಷ್ಟೈತೆ ಅನ್ನೋದಷ್ಟೇ ಗೊತ್ತಾಗೋದು. ಹಂಗಂತ ಅದನ್ನ ಯಾರಾದ್ರೂ ಸಮುದ್ರದಿಂದ ಹೊರಗೆ ಹಾಕ್ಯಾರಾ? ಬಿಳಿ ಬಾವುಟ ಕಟ್ರಿ, ಸಾಕು."

"ತಿಮಿಂಗಿಲಕ್ಕೆ ಯಾವ ಸಂಘದವ್ರು ಮೀನು ಹಿಡಿಯಾಕೆ ಪಾಸು ಕೊಟ್ಟಿದ್ರು?" ಉಚ್ಚಂಗೆಪ್ಪ ನಕ್ಕ. ಸುತ್ತ ಕೂತಿದ್ದ ಮೀನುಗಾರರೂ ನಕ್ಕರು.

"ಅದು ಕೇಳಿದ್ರೆ ತಾನೆ ಕೊಡಾಕೆ!" ಎಂದಳು ಕರಿಯಕ್ಕ.

ಉಚ್ಚಂಗೆಪ್ಪ ದಾರಿಯ ಕಡೆ ಕೈ ತೋರಿಸಿದ.

"ಒಬ್ಬಳಿಗೋಸ್ಕರ ಬಾವುಟ ಬದಲಾಯಿಸಾಕೆ ಆಗಲ್ಲ. ನಡಿಯವ್ವ ಮನೆಗೆ."

"ನೀವ್ಯಾಕೆ ಬದಲಾಯಿಸ್ತೀರಿ, ಬಿಡ್ರಿ. ಜಾಗ ಈಗ ಗೊತ್ತಾತಲ್ಲ." ಅವಳು ಬಲೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟಳು.

ಹೊತ್ತು ಮುಳುಗುತ್ತಲೇ ಒಂದು ಬಿಳಿ ಪಂಚೆ ಹಿಡಿದು ತೆಪ್ಪ ಇಳಿಸಿದಳು. ಸುದ್ದಿ ಕೇಳಿ ಉಚ್ಚಂಗೆಪ್ಪ ದಡಕ್ಕೆ ಓಡಿ ಬಂದ. ದೊಡ್ಡ ಟಾರ್ಚನ್ನು ಅವಳ ಮುಖಕ್ಕೇ ಬಿಟ್ಟ. "ಏಯ್, ವಾಪಸ್ ಬಾ! ಕಣ್ಣು ಕಾಣದೋಳು ಎಲ್ಲಿಗೆ ಹೊಂಟಿ?"

ಬೆಳಕು ಸೂಜಿಯಂತೆ ಚುಚ್ಚಿತು. ಅವಳಿಗೆ ನೀರೂ ಕಾಣಲಿಲ್ಲ, ದಡವೂ ಕಾಣಲಿಲ್ಲ. ಆದರೂ ತಿರುಗಿ ಬರಲಿಲ್ಲ. ಬೆಳಕಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿಕೊಂಡೇ ಹುಟ್ಟು ಹಾಕಿದಳು. ಸ್ವಲ್ಪ ದೂರ ಹಿಂದೆ ಬಂದ ಬೆಳಕು ತೆಳುವಾಗಿ, ನೀರಿನ ಮೇಲೆಯೇ ಸತ್ತುಹೋಯಿತು. ಆಗ ಕಣ್ಣು ಬಿಟ್ಟಳು.

ಮರುದಿನ ಬೆಳಗ್ಗೆ ಕೆರೆಯ ನಡುವೆ, ಕೆಂಪು ಬಾವುಟದ ಬಿದಿರು ಗಳುವಿನಲ್ಲಿ ಬಿಳಿ ಪಂಚೆ ಪಟಪಟ ಹಾರಾಡುತ್ತಿತ್ತು. ಅದನ್ನು ಬಿಚ್ಚಿ ತನ್ನಿರೆಂದು ಅಧ್ಯಕ್ಷ ದಡದಲ್ಲಿ ನಿಂತು ಮೀನುಗಾರರಿಗೆ ಕೂಗಿದ, ಮತ್ತೆ ಕೂಗಿದ.

ಒಂದು ತೆಪ್ಪವೂ ಅಲುಗಲಿಲ್ಲ.