ಹೆಸರು ನುಂಗೋ ಬಾಗಿಲು

‘ಆ ಪುಸ್ತಕ ನನ್ ಹತ್ರ ಇದೆ. ಭಾನುವಾರ ಪಾರ್ಕಿಗೆ ತರ್ತೀನಿ.’

ಕಾಮಿಕ್ ಓದೋರ ವಾಟ್ಸಾಪ್ ಗ್ರೂಪಲ್ಲಿ ಭಾನುಮತಿ ಮೇಡಂ ಮೆಸೇಜು. ಲಹರಿ ಮೂರು ಸಲ ಓದಿದಳು.

ಆ ಪುಸ್ತಕ ಯಾರ ಹತ್ರಾನೂ ಇರೋಕೆ ಸಾಧ್ಯವೇ ಇಲ್ಲ. ಯಾಕಂದ್ರೆ ನಿನ್ನೆ ಸಂಜೆ ನಾಲ್ಕೂವರೆಗೆ, ಸಿಟಿ ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತು, ಅದನ್ನ ಹುಟ್ಟಿಸಿದ್ದೇ ಅವಳು.

ತಿಂಗಳಿಗೊಂದು ಫ್ಯಾಂಟಸಿ ಕಾಮಿಕ್ ಓದಬೇಕು, ಓದಿದ್ದನ್ನ ಗ್ರೂಪಲ್ಲಿ ಬರೀಬೇಕು. ಅದು ಚಾಲೆಂಜು. ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆ ಗಲಾಟೇಲಿ ಲಹರಿ ಒಂದು ಪುಟಾನೂ ತೆಗ್ದಿರ್ಲಿಲ್ಲ. ನಿನ್ನೆ ತಿಂಗಳ ಕೊನೇ ದಿನ. ಟೈಪ್ ಮಾಡ್ಬುಟ್ಟಳು: ಹಳೇ ಕಾಮಿಕ್ಕು, ‘ಹೆಸರು ನುಂಗೋ ಬಾಗಿಲು’ ಅಂತ. ಒಂದು ಅರಮನೆ. ಅಲ್ಲೊಂದು ಬಾಗಿಲು. ದಾಟಿದೋರ ಹೆಸರು ಊರಲ್ಲಿ ಯಾರಿಗೂ ನೆನಪಿರಲ್ಲ, ಹೆತ್ತ ಅಮ್ಮನಿಗೂ. ನಾಲ್ಕು ಸಾಲು, ಒಂದು ದೆವ್ವದ ಎಮೋಜಿ. ಮುಗೀತು ಅಂದ್ಕೊಂಡಳು.

ಮೊದಲು ಉತ್ತರ ಹಾಕಿದ್ದು ದಿಲೀಪ. ಅವನ ಪ್ರಕಾರ ಅವನು ಓದದೇ ಇರೋ ಕಾಮಿಕ್ಕೇ ಇಲ್ಲ. ‘ಓ ಇದಾ! ಹೈಸ್ಕೂಲಲ್ಲೇ ಓದಿದ್ದೆ ಕಣೇ. ಬಾವಿ ಸೀನು ನೆನೆಸ್ಕೊಂಡ್ರೆ ಈಗ್ಲೂ ಮೈ ಜುಂ ಅನ್ನುತ್ತೆ.’

ಬಾವಿ? ಲಹರಿ ಬಾವಿ ಅಂತ ಬರೆದೇ ಇರ್ಲಿಲ್ಲ.

ಆಮೇಲೆ ಕಡಕೊಳದ ಫ್ಯಾಕ್ಟರೀಲಿ ಕೆಲಸ ಮಾಡೋ ಪುಟ್ಟಸ್ವಾಮಿ ಅಣ್ಣ. ‘ಮಗಳಿಗೆ ಓದಿ ಹೇಳಿದ್ದೆ ಕಣಮ್ಮ. ಎರಡು ದಿನ ಬಚ್ಚಲಮನೆ ಬಾಗಿಲು ಹಾಕೋಕೂ ಬಿಡ್ಲಿಲ್ಲ ಅವ್ಳು.’

ಈಗ ಮೇಡಂ. ಮೂವತ್ತು ವರ್ಷ ಕಾಲೇಜ್ ಲೈಬ್ರರಿ ನೋಡ್ಕೊಂಡಿದ್ದೋರು. ಯಾವ ಪುಸ್ತಕ ಕೇಳಿದ್ರೂ ಅವರ ಬಾಯಲ್ಲಿ ‘ಗೊತ್ತಿಲ್ಲ’ ಅನ್ನೋ ಮಾತು ಯಾರೂ ಕೇಳಿಲ್ಲ.

ನೆಟ್ಟಲ್ಲೆಲ್ಲ ಹುಡುಕಿದಳು. ಏನೂ ಇಲ್ಲ. ಅಷ್ಟರಲ್ಲಿ ಕ್ಲಾಸ್‌ಮೇಟ್ ಶರಣ್ಯಾ ಫೋನು.

"ಲೇ, ಈ ಪುಸ್ತಕದ ಹೆಸರೇ ನಾನು ಕೇಳಿಲ್ವಲ್ಲೇ. ನಿಜವಾಗ್ಲೂ ಓದಿದ್ಯಾ?"

"ಹೂಂ ಕಣೇ."

"ಪ್ರಾಮಿಸ್?"

"ಪ್ರಾಮಿಸ್."

ಫೋನ್ ಇಟ್ಟ ಮೇಲೆ ನೆನಪಾಯ್ತು. ಲಹರೀನ ಗ್ರೂಪಿಗೆ ಸೇರಿಸಿದ್ದು ಶರಣ್ಯಾನೇ. ಓದದೇ ಓದಿದೆ ಅಂದ್ರೆ ಔಟ್, ಸೇರಿಸಿದೋರೂ ಔಟ್. ಮೇಡಂ ರೂಲು. ಕ್ಲಾಸಲ್ಲಿ ಹಾಜರಿ ಕೂಗಿದ್ರೂ ತಲೆ ಎತ್ತದ ಹುಡುಗಿ ಶರಣ್ಯಾ. ತಿಂಗಳಿಗೊಂದು ಭಾನುವಾರ, ಗ್ರೂಪಿನೋರು ಸೇರೋ ಆ ಪಾರ್ಕಲ್ಲಿ ಮಾತ್ರ, ನಿಲ್ಲಿಸದೇ ಮಾತಾಡೋಳು. ಅದನ್ನೂ ಕಿತ್ಕೊಂಡ ಹಾಗೆ ಆಗುತ್ತಲ್ಲ.

ಪುಸ್ತಕ ಇಲ್ಲ ಅಂದ್ರೆ ಸಿಕ್ಕಿಬಿದ್ದಳು. ಇದೆ ಅಂದ್ರೆ? ತಲೆಯೊಳಗೆ ಹುಟ್ಟಿದ್ದು ಮೇಡಂ ಬೀರು ಸೇರಿದ್ದು ಹೆಂಗೆ?

ಮಾರನೇ ಬೆಳಿಗ್ಗೆ ಅಮ್ಮ ತಿಂಡಿಗೆ ಕರೆಯುವಾಗ ಇವಳ ಹೆಸರು ಬಿಟ್ಟು ತಂಗಿ ಹೆಸರು ಕೂಗಿದರು. ದಿನಾ ಹಾಗೇ ಕೂಗೋದು. ಅವತ್ತು ಮಾತ್ರ ಲಹರಿ ಕೈಲಿದ್ದ ಲೋಟ ಬಿತ್ತು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ರಾಮಕೃಷ್ಣನಗರದ ಪಾರ್ಕು. ಮೇಡಂ ಸಿದ್ಧಾರ್ಥನಗರದಿಂದ ಆಟೋದಲ್ಲಿ ಬಂದ್ರು. ಕಂಕುಳಲ್ಲಿ ನ್ಯೂಸ್‌ಪೇಪರ್ ಬೈಂಡ್ ಹಾಕಿದ ಅಗಲವಾದ ಪುಸ್ತಕ.

ಇದೆ. ತಂದೇಬುಟ್ರು.

ಓಡೋಣ ಅನ್ನಿಸ್ತು. ಅಷ್ಟರಲ್ಲಿ ಮೇಡಂ ಪಕ್ಕಕ್ಕೇ ಬಂದು ಕೂತ್ರು.

ಈ ಗುಂಪಲ್ಲೊಂದು ಪದ್ಧತಿ. ಕಾಮಿಕ್ ಹಿಡಿದೋರು ಚಿತ್ರ ತೋರಿಸೋ ಹಾಗಿಲ್ಲ, ಬಾಯಲ್ಲಿ ಹೇಳ್ಬೇಕು. ಉಳಿದೋರು ಕಣ್ಣು ಮುಚ್ಕೊಂಡು ನೋಡ್ಬೇಕು. ಒಂದಿಷ್ಟು ಹೇಳಿ ಪಕ್ಕದೋರಿಗೆ ದಾಟಿಸ್ಬೇಕು.

ಮೇಡಂ ಪುಸ್ತಕಾನ ಲಹರಿ ತೊಡೆ ಮೇಲಿಟ್ರು. ಅವರ ಬೆರಳು ಐಸಿನ ಥರ ತಣ್ಣಗಿತ್ತು.

"ಶುರು ನೀನೇ ಮಾಡಮ್ಮ," ಅಂದ್ರು. ಆಮೇಲೆ ಕಿವಿ ಹತ್ರ ಬಗ್ಗಿ, "ಮಧ್ಯದಲ್ಲಿ ನಿಲ್ಲಿಸ್ಬೇಡ."

ಲಹರಿ ತೆಗೆದಳು. ಎದೆ ಧಸಕ್ಕಂತು. ಮುಚ್ಚಿ, ಮತ್ತೆ ತೆಗೆದಳು. ಅದೇ. ಮೇಡಂ ಮುಖ ನೋಡಿದಳು. ಮೇಡಂ ಎಲ್ಲರಿಗಿಂತ ಬಿಗಿಯಾಗಿ ಕಣ್ಣು ಮುಚ್ಕೊಂಡಿದ್ರು.

"ದೊಡ್ಡ ಅರಮನೆ," ಅಂದಳು. "ಅಡುಗೆಮನೆ ಹಿಂದೆ ಒಂದು ಬಾಗಿಲು. ಇಬ್ಬರು ಹುಡುಗೀರು. ಒಬ್ಬಳು ಹೊಸಿಲು ದಾಟಿದಳು. ಇನ್ನೊಬ್ಬಳು ಈಚೆ ನಿಂತಿದ್ದಾಳೆ. ಯಾರಿಗೆ ಕಾಯ್ತಿದ್ದೀನಿ ಅಂತ ಅವಳಿಗೇ ಗೊತ್ತಿಲ್ಲ."

"ಹಾಂ, ಇದೇ, ಇದೇ," ಅಂದ್ರು ಪುಟ್ಟಸ್ವಾಮಿ.

ದಿಲೀಪನ ಸರದಿ. ಪುಟ ನೋಡಿದ. ಲಹರೀನ ನೋಡಿದ. ಉಗುಳು ನುಂಗಿ ಮತ್ತೆ ಪುಟ ನೋಡಿದ.

"ಬಾವಿ," ಅಂದ. "ಒಳಗೆ ನೀರಿಲ್ಲ. ಕಳೆದುಹೋದ ಹೆಸರುಗಳೆಲ್ಲ ಕಪ್ಪೆ ಥರ ಒದರ್ತಾ ಇವೆ."

ಲಹರಿ ಕಣ್ಣು ತೆಗೆದು ಅವನ ಮುಖ ನೋಡಿದಳು.

ಪುಟ್ಟಸ್ವಾಮಿ ಕೈಯಲ್ಲಿ ಬೈಂಡಿನ ಪೇಪರು ಪರಪರ ಅಂತಿತ್ತು. "ಒಬ್ಬ ಮುದುಕ," ಅಂದು ಬೆವರು ಒರೆಸ್ಕೊಂಡ್ರು. "ಬಾವಿಗೆ ಹಗ್ಗ ಬಿಡ್ತಾವ್ನೆ. ಮೇಲಕ್ಕೆ ಬಂದಿದ್ದು ಅವನದೇ ಹೆಸರು. ಅವನಿಗೆ ಗುರುತೇ ಸಿಗಲ್ಲ."

ಕೊನೆಗೆ ಶರಣ್ಯಾ. ಸುಳ್ಳು ಹೇಳೋಕೆ ಬರದೋಳು. ಪುಟ ನೋಡಿದಳು. ಹಿಂದಿನ ಪುಟ ತಿರುವಿದಳು. ಅದರ ಹಿಂದಿನದು. ಮೊದಲ ಪುಟದವರೆಗೂ ಹೋದಳು. ಆಮೇಲೆ ತಲೆ ಎತ್ತಿ ಲಹರೀನೇ ನೋಡಿದಳು, ಕಣ್ಣು ಮಿಟುಕಿಸದೆ.

ಈಗ ಯಾರ ಕಣ್ಣೂ ಮುಚ್ಚಿರ್ಲಿಲ್ಲ. ಮೇಡಂ ಸೆರಗಿನ ತುದಿ ಹಿಂಡ್ತಾ ಇದ್ರು.

"ಕೊನೇ ಚಿತ್ರ," ಅಂದಳು ಶರಣ್ಯಾ, ನಿಧಾನಕ್ಕೆ. "ಈಚೆ ನಿಂತೋಳಿಗೆ ಗೆಳತಿ ಹೆಸರು ನೆನಪಾಗ್ಲೇ ಇಲ್ಲ. ಆದ್ರೂ ಬಾಗಿಲೊಳಕ್ಕೆ ಕೈ ಚಾಚಿದ್ದಾಳೆ."

ಪುಸ್ತಕ ಮುಚ್ಚಿ ಮೇಡಂ ಕೈಗೆ ಕೊಟ್ಟಳು. ಮೇಡಂ ಅದನ್ನ ಗಬಕ್ಕನೆ ಬ್ಯಾಗಿಗೆ ತುರುಕಿದ್ರು. "ಎಲ್ರೂ ಓದಿದ್ದೀರಿ," ಅಂದ್ರು. "ಯಾರೂ ಔಟ್ ಇಲ್ಲ."

ಹಿಂದಿನ ದಿನ ಮೇಡಂ ಅಂಗಡೀಲಿ ತಗೊಂಡ ಡ್ರಾಯಿಂಗ್ ಬುಕ್ಕು ಅದು; ಮೊದಲ ಪುಟದಿಂದ ಕೊನೇ ಪುಟದವರೆಗೂ ಒಂದು ಗೆರೆ ಕೂಡ ಇರ್ಲಿಲ್ಲ.