ಬುಧವಾರದವರು

ಮೆಕ್ಯಾನಿಕ್ ಬಾಂದೊ ಕುರೊಸೆಯ ಕಾರಿನ ಗುಟ್ಟನ್ನು ಯಾರಿಗೋ ಬಿಟ್ಟುಕೊಡುತ್ತಿದ್ದಾನೆ. ಕುರೊಸೆಗೆ ಇದರಲ್ಲಿ ಎಳ್ಳಷ್ಟೂ ಅನುಮಾನ ಉಳಿದಿರಲಿಲ್ಲ.

ಸಾಕ್ಷಿ ರೇಸ್ ಟ್ರ್ಯಾಕಿನ ಹಲಗೆಯ ಮೇಲೆಯೇ ಇತ್ತು. ಒಕಾಯಾಮಾದ ಗುಡ್ಡದ ಹಿಂದಿರುವ ಆ ಪುಟ್ಟ ಟ್ರ್ಯಾಕಿನಲ್ಲಿ ಯಾರು ಒಂದು ಸುತ್ತನ್ನು ಎಷ್ಟು ಸೆಕೆಂಡಿನಲ್ಲಿ ಮುಗಿಸಿದರು ಎಂದು ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ನಿಜವಾದ ಹೆಸರನ್ನು ಯಾರೂ ಕೊಡುವುದಿಲ್ಲ. ಭಾನುವಾರ ಮಾತ್ರ ಬರುವ ಕುರೊಸೆಯ ಹೆಸರು 'ಸಿಡಿಲು'. ಸಿಡಿಲಿಗೆ ಐವತ್ತು ಸೆಕೆಂಡು. ಅದರ ಮೇಲಿನ ಸಾಲಿನಲ್ಲಿ 'ಬುಧವಾರ'. ಅವನಿಗೆ ನಲವತ್ತೆಂಟು. ವಾರದ ನಡುವೆ ಬಿಡುವಿರುವ ಯಾವನೋ ಶ್ರೀಮಂತರ ಮಗನಿರಬೇಕು. ಅವನದೂ ಸಿಲ್ವಿಯಾ ಕಾರೇ ಎಂದು ಗೊತ್ತಾದ ದಿನ ಕುರೊಸೆಗೆ ಊಟ ಸೇರಲಿಲ್ಲ.

ಎಂಟು ವರ್ಷಗಳಿಂದ ಕುರೊಸೆ ತನ್ನ ಸಿಲ್ವಿಯಾವನ್ನು ಒಂದೊಂದೇ ಭಾಗ ಬದಲಿಸುತ್ತ ತಿದ್ದುತ್ತಿದ್ದ. ಸೈಲೆನ್ಸರ್ ಬದಲಿಸಿದಾಗ ಅವನಿಗೆ ಕಾಲು ಸೆಕೆಂಡು ಉಳಿಯಿತು, ಬುಧವಾರದವನಿಗೆ ಒಂದು. ದೊಡ್ಡ ಟರ್ಬೊ ಹಾಕಿಸಿದಾಗ ಅವನಿಗೆ ಅರ್ಧ, ಬುಧವಾರದವನಿಗೆ ಒಂದೂವರೆ. ತಾನು ಏನು ಹಾಕಿಸಿದರೂ ಅದೇ ವಾರ ಆ ಕಳ್ಳನೂ ಹಾಕಿಸುತ್ತಾನೆ! ಬಾಂದೊ ಬಾಯಿ ಬಿಡದೆ ಇದು ಹೇಗೆ ಸಾಧ್ಯ?

"ಯಾರು ಆ ಬುಧವಾರ?" ಎಂದು ಕೇಳಿದರೆ ಟ್ರ್ಯಾಕಿನ ಎಲ್ಲರೂ ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು ಹವಾಮಾನದ ಮಾತು ತೆಗೆಯುತ್ತಿದ್ದರು. ಇನ್ನೊಬ್ಬರ ವಿಷಯದಲ್ಲಿ ತಲೆ ಹಾಕುವುದು ಅಲ್ಲಿ ಬೆತ್ತಲೆ ನಿಲ್ಲುವುದಕ್ಕಿಂತ ನಾಚಿಕೆಗೇಡು.

ಮನೆಯಲ್ಲಿ ಮಾತ್ರ ಕುರೊಸೆ ಪುಣ್ಯವಂತ. ಆ ಊರಿನ ಎಲ್ಲರ ಮನೆಯಂತೆ ಅವನ ಸಂಬಳವೂ ನೇರ ಹೆಂಡತಿಯ ಕೈಗೆ. ಫುಸಾಕೊ ಅವನ ಕೈಖರ್ಚಿನಲ್ಲಿ ಬಿಯರ್ ಕತ್ತರಿಸಿದಳು, ಮಧ್ಯಾಹ್ನದ ಊಟವನ್ನು ಎರಡು ಅನ್ನದ ಉಂಡೆಗೆ ಇಳಿಸಿದಳು. ಕಾರಿನ ಭಾಗಕ್ಕೆ ಮಾತ್ರ ಒಂದು ದಿನವೂ ಇಲ್ಲ ಎನ್ನಲಿಲ್ಲ. ಪಾಪ, ಅವಳಿಗೆ ಕಾರಿನ ಬಗ್ಗೆ ಏನು ಗೊತ್ತು? ವಾರಕ್ಕೊಮ್ಮೆ ಅದರಲ್ಲಿ ಹೋಗಿ ಕೋಳಿ ಸಾಕುವವರಿಂದ ಮೊಟ್ಟೆ ತರುತ್ತಿದ್ದಳು, ಅಷ್ಟೆ.

"ರೀ, ಹಿಂದಿನ ಸ್ಪ್ರಿಂಗು ತುಂಬಾ ಗಟ್ಟಿ ಆಯ್ತು," ಎಂದಳು ಒಮ್ಮೆ. "ಎಡಕ್ಕೆ ತಿರುಗಿಸಿದ್ರೆ ಮೊಟ್ಟೆಯೆಲ್ಲ ಬಲಕ್ಕೆ ಬರುತ್ತೆ."

"ಮೊಟ್ಟೆಗೋಸ್ಕರ ಸಸ್ಪೆನ್ಷನ್ ಬದಲಾಯಿಸ್ಲಾ?"

"ನಿಮ್ಮಿಷ್ಟ. ಆಮ್ಲೆಟ್ ತಿನ್ನೋರು ನೀವೇ."

ಕುರೊಸೆ ಸ್ಪ್ರಿಂಗ್ ಸಡಿಲಿಸಿದ. ಮೊಟ್ಟೆ ಉಳಿದವು. ಆ ವಾರ ಬುಧವಾರದವನು ನಲವತ್ತೇಳಕ್ಕೆ ಇಳಿದ.

ಕುರೊಸೆಗೆ ತಲೆ ಕೆಟ್ಟಿತು. ಬಾಂದೊನನ್ನು ಪರೀಕ್ಷಿಸಲು ಯಾರಿಗೂ ಹೇಳದೆ, ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ತಾನೇ ಅಂಗಾತ ಮಲಗಿ ಕಾರಿನ ವೇಗ ಕುಗ್ಗುವಂತೆ ಟರ್ಬೊ ಒತ್ತಡ ಇಳಿಸಿಬಿಟ್ಟ. ಮುಂದಿನ ಭಾನುವಾರ ಹಲಗೆ ನೋಡಿದರೆ, ಆ ವಾರ ಬುಧವಾರದವನಿಗೆ ಐವತ್ತು!

"ನೋಡಿದ್ರಾ!" ಎಂದು ಕುರೊಸೆ ಕುಣಿದಾಡಿದ. "ನಾನು ಕೆಡಿಸಿದ್ದನ್ನೂ ಕಾಪಿ ಹೊಡ್ದಿದಾನೆ!"

ಆ ದಿನ ಊಟಕ್ಕೆ ಕೂತಾಗ ಫುಸಾಕೊ ಕಾರು ಏರಿನಲ್ಲಿ ಎಳೆಯುತ್ತಿಲ್ಲವೆಂದು ಗೊಣಗಿದಳು. ಹೆಂಡತಿಗೆ ಕಷ್ಟವಾಗಬಾರದೆಂದು ಅವನು ಒತ್ತಡವನ್ನು ಮತ್ತೆ ಏರಿಸಿದ. ಬುಧವಾರ ನಲವತ್ತಾರು.

ಆಗ ಕುರೊಸೆ ಬಾಂದೊನ ಗ್ಯಾರೇಜಿನಲ್ಲಿ ಎಲ್ಲರೆದುರು ಮೇಜು ಗುದ್ದಿದ. "ನವೆಂಬರಿನ ಕೊನೇ ಭಾನುವಾರದೊಳಗೆ ಅವನನ್ನ ಸೋಲಿಸ್ದಿದ್ರೆ ಈ ಕಾರು ಮಾರಿಬಿಡ್ತೀನಿ!"

ಬಾಂದೊ ಕೈಯ ಗ್ರೀಸ್ ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದ, "ಕುರೊಸೆ ಸಾನ್, ಮನೇಲಿ ಒಂದ್ಮಾತು ಕೇಳಿ."

"ನಮ್ಮನೆಯವಳಿಗೆ ಕಾರು ಅಂದ್ರೆ ಮೊಟ್ಟೆ ಡಬ್ಬ ಕಣಯ್ಯ."

ಬಾಂದೊ ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡ.

ಸುದ್ದಿ ಕೇಳಿದ ಫುಸಾಕೊಳ ಕೈಯಲ್ಲಿ ಊಟದ ಕಡ್ಡಿಗಳು ನಿಂತುಹೋದವು. "ಮಾರೋದಾ? ಯಾರನ್ನ ಕೇಳಿ ಮಾತು ಕೊಟ್ರಿ?"

ತನ್ನ ಸಂತೋಷಕ್ಕಾಗಿ ಇವಳು ಇಷ್ಟು ಮರುಗುತ್ತಾಳಲ್ಲ ಎಂದು ಕುರೊಸೆಯ ಕಣ್ಣು ತೇವವಾಯಿತು. ಆದರೆ ಕೊಟ್ಟ ಮಾತು ಕೊಟ್ಟದ್ದೇ.

ಕೊನೆಯ ಭಾನುವಾರ ಅವನು ಜೀವದ ಹಂಗು ತೊರೆದು ಓಡಿಸಿದ. ನಲವತ್ತೊಂಬತ್ತು ಚಿಲ್ಲರೆ. ಎಂಜಿನ್ ಆರಿಸಿ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತ. ಎಂಟು ವರ್ಷ ತನ್ನ ಕೈಯಾರೆ ಬೆಳೆಸಿದ್ದನ್ನು ಈಗ ಬಿಟ್ಟುಕೊಡಬೇಕಿತ್ತು.

ಐದು ದಿನಕ್ಕೆ ಬಾಂದೊ ಗ್ಯಾರೇಜಿಗೆ ಕರೆಸಿದ. "ಗಿರಾಕಿ ಸಿಕ್ಕಿದಾರೆ. ಚೌಕಾಸಿ ಇಲ್ಲ, ಪೂರ್ತಿ ನಗದು. ಬೇಜಾರು ಮಾಡ್ಕೋಬೇಡಿ, ಬುಧವಾರದವರೇ."

ಕುರೊಸೆಯ ಮೈ ಉರಿಯಿತು. "ಅವನಿಗೆ ಆಗ್ಲೇ ಒಂದು ಸಿಲ್ವಿಯಾ ಇದೆಯಲ್ಲಯ್ಯ!"

"ನೀವು ಮಾರಿದ್ರೆ ಇರಲ್ವಂತೆ."

ಈ ತಲೆಹರಟೆ ಕುರೊಸೆಗೆ ಅರ್ಥವಾಗಲಿಲ್ಲ. ಅವನು ಮಾರಾಟದ ಕಾಗದಕ್ಕೆ ಸಹಿಯ ಬದಲು ತನ್ನ ಹೆಸರಿನ ಮುದ್ರೆಯೊತ್ತಿದ. ನೋಟಿನ ಕಟ್ಟಿಗೆ ಅಕ್ಕಿಯ ವಾಸನೆಯಿತ್ತು.

ಇನ್ನು ಉಳಿದದ್ದು ಪೊಲೀಸರು ಕೊಡುವ ಪಾರ್ಕಿಂಗ್ ಪತ್ರ. ಕಾರು ನಿಲ್ಲಿಸಲು ಜಾಗವಿದೆ ಎಂದು ತೋರಿಸದೆ ಆ ದೇಶದಲ್ಲಿ ಯಾರ ಹೆಸರಿಗೂ ಕಾರು ಬರೆದುಕೊಡುವುದಿಲ್ಲ. ತನ್ನ ಸಿಲ್ವಿಯಾ ಇನ್ನು ಮುಂದೆ ಯಾರ ಅಂಗಳದಲ್ಲಿ ಮಲಗುತ್ತದೆ ಎಂದಾದರೂ ತಿಳಿಯಲಿ ಎಂದು ಕುರೊಸೆ ಬಾಂದೊನಿಂದ ಪತ್ರ ಕೇಳಿ ತೆಗೆದುಕೊಂಡ. ವಿಳಾಸದ ಮೇಲೆ ಕಣ್ಣಾಡಿಸಿದ. ಮತ್ತೊಮ್ಮೆ ಓದಿದ. ಅದು ಅವನದೇ ಕಟ್ಟಡದ ಪಾರ್ಕಿಂಗು, ಅವನು ದಿನಾ ಕಾರು ನಿಲ್ಲಿಸುವ ಜಾಗವೇ.

ಅದರ ಕೆಳಗೆ, ಕೊಳ್ಳುವವರ ಹೆಸರಿನ ಸಾಲಿನಲ್ಲಿ, ದುಂಡನೆಯ ಅಕ್ಷರಗಳಲ್ಲಿ ಬರೆದಿತ್ತು: ಕುರೊಸೆ ಫುಸಾಕೊ.