ಪಲ್ಲಾವರದ ನೂರು ಮೂಗುಗಳು

"ನೀವು ಪಲ್ಲಾವರಕ್ಕೆ ಹೋಗಿಯೇ ಇಲ್ಲ," ಎಂದು ಡಾಕ್ಟರ್ ಊರ್ಮಿಳಾ ಫಾರಂಗಳ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದಳು.

ಎದುರಿಗೆ ಗುಂಡಣ್ಣ ನಿಂತಿದ್ದ. ಅವಳ ಸಮೀಕ್ಷೆಗಾಗಿ ಮನೆಮನೆ ಸುತ್ತುವ ಸಹಾಯಕ. ವಯಸ್ಸಿನಲ್ಲಿ ಅವಳ ತಂದೆಗೆ ಸಮ. ಹೋಗಿದ್ದೆ ಎಂದ. ನೂರು ಜನರ ಮೂಗಿಗೂ ಟಾರ್ಚ್ ಬಿಟ್ಟು ನೋಡಿದ್ದೇನೆ ಎಂದ.

ಹಸಿ ಸುಳ್ಳು! ಊರ್ಮಿಳಾಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು? ೧೯೮೩ರ ಮದ್ರಾಸಿನಲ್ಲಿ ಬೇರೆಯವರ ಮೂಗಿಗಾಗಿ ಎರಡು ವರ್ಷ ತೇಯುವ ಹುಚ್ಚು ಇನ್ಯಾವ ಡಾಕ್ಟರಿಗಿತ್ತು? ಎಣ್ಣೂರಿನಲ್ಲಿ ಒಂದು ರಾಸಾಯನಿಕ ಕಾರ್ಖಾನೆ. ಅದರ ಚಿಮಣಿ ಹಗಲಿಡೀ ಹಳದಿ ಹೊಗೆ ಕಾರುತ್ತದೆ. ಕೆಳಗಿನ ಬೀದಿಗಳಲ್ಲಿ ಯಾರನ್ನು ನೋಡಿದರೂ ಸೈನಸ್. ಹಣೆ ಸಿಡಿಯುವಂಥ ನೋವು, ಮೂಗಿನಲ್ಲಿ ಕೀವು, ಮಕ್ಕಳಿಗೆ ತಿಂಗಳಿಗೊಮ್ಮೆ ಕೆಮ್ಮು, ಜ್ವರ. ಆರು ವರ್ಷದಿಂದ ಪ್ರತಿ ಭಾನುವಾರ ಅಲ್ಲಿ ಪುಕ್ಕಟೆ ಚಿಕಿತ್ಸೆ ಕೊಡುತ್ತಿದ್ದವಳಿಗೆ ಇದು ಕಣ್ಣಾರೆ ಗೊತ್ತು. ಆದರೆ ಸರ್ಕಾರದ ಸಮಿತಿಗೆ ಕಣ್ಣು ಸಾಲದು, ಅಂಕಿ ಬೇಕು. ಅಂಕಿ ಕೊಟ್ಟರೆ ಚಿಮಣಿಗೆ ಹೊಗೆ ಸೋಸುವ ಶೋಧಕ ಹಾಕಿಸುತ್ತಾರೆ. ಕೊಡದಿದ್ದರೆ ಹೊಗೆ ಹಾಗೇ ಇರುತ್ತದೆ. ಬರುವ ಸೋಮವಾರವೇ ಕಡೆಯ ದಿನ.

ಕ್ರಮ ಸರಳವಾಗಿತ್ತು. ಎಣ್ಣೂರಿನಲ್ಲಿ ನೂರು ಜನ, ಒಳ್ಳೆಯ ಗಾಳಿಯ ಊರಿನಲ್ಲಿ ನೂರು ಜನ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಒಳ್ಳೆಯ ಗಾಳಿ ಎಂದರೆ ಅವಳಿಗೆ ಪಲ್ಲಾವರವೇ. ತಂದೆ ರೈಲ್ವೆಯಲ್ಲಿದ್ದಾಗ ಬೆಳೆದದ್ದು ಅಲ್ಲಿ. ಸಂತೆಯ ಹಿಂದಿನ ಬೀದಿಯನ್ನು ತಾನೇ ಆರಿಸಿದಳು: ಬಾಡಿಗೆ ಅಗ್ಗ, ಜನರೂ ಎಣ್ಣೂರಿನವರಷ್ಟೇ ಬಡವರು. ತನ್ನ ಅಭಿಪ್ರಾಯ ಅಂಕಿಯೊಳಗೆ ನುಸುಳಬಾರದೆಂದು ಸಮೀಕ್ಷೆಯ ಯಾವ ಮನೆಗೂ ಕಾಲಿಡಲಿಲ್ಲ. ಫಾರಂನಲ್ಲಿ ಹೆಸರಿಲ್ಲ, ಬರೀ ಮನೆಯ ಸಂಖ್ಯೆ. ಕಾಲಂ ಬಿಟ್ಟು ಹೊರಗೆ ಒಂದಕ್ಷರ ಗೀಚಕೂಡದು ಎಂದು ಗುಂಡಣ್ಣನಿಗೆ ಮೊದಲೇ ತಾಕೀತು ಮಾಡಿದ್ದಳು.

ಈಗ ಬಂದ ಫಲ ನೋಡಿ. ಎಣ್ಣೂರಿನಲ್ಲಿ ಸೈನಸ್ ಇದ್ದವರು ಹತ್ತೊಂಬತ್ತು. ಪಲ್ಲಾವರದಲ್ಲಿ ನಲವತ್ತೊಂದು.

ಸಮಿತಿಗೆ ಕಳಿಸಿದ ಮೊದಲ ಪಟ್ಟಿ ಕಾರ್ಖಾನೆಯ ಕೈಗೂ ಸಿಕ್ಕಿತ್ತು. ಮ್ಯಾನೇಜರ್ ಕೃಷ್ಣಪ್ರಸಾದ ನುಂಗಂಬಾಕ್ಕಂನ ಆಫೀಸಿನಿಂದ ಫೋನ್ ಮಾಡಿ, ಪಲ್ಲಾವರದವರನ್ನೆಲ್ಲ ನಮ್ಮ ಚಿಮಣಿಯ ಪಕ್ಕಕ್ಕೆ ತಂದಿಡೋಣವೇ, ಗುಣವಾದೀತು ಎಂದು ನಕ್ಕಿದ್ದ. ಆ ನಗು ಇನ್ನೂ ಅವಳ ಕಿವಿಯಲ್ಲಿತ್ತು.

ಕಾರ್ಖಾನೆಯವರ ಕೈಚಳಕ ಅವಳಿಗೆ ಹೊಸದಲ್ಲ. ಎರಡು ವರ್ಷದಿಂದ ಭಾನುವಾರದ ಸಾಲು ತೆಳ್ಳಗಾಗುತ್ತಿತ್ತು. ತೀರಾ ಕೆಟ್ಟ ಮೂಗಿನವರೇ ಒಬ್ಬೊಬ್ಬರಾಗಿ ಮಾಯವಾಗಿದ್ದರು. ಯಾರೋ ಹೆದರಿಸಿದ್ದಾರೆ, ಇನ್ನೇನು! ರೋಗಿಗಳನ್ನು ಹೆದರಿಸಬಲ್ಲವರು ಗುಂಡಣ್ಣನನ್ನು ಕೊಳ್ಳಲಾರರೇ?

"ಫಾರಂನಲ್ಲಿ ಇಲ್ಲದ ಒಂದು ವಿಷಯ ಇದೆ, ಡಾಕ್ಟ್ರೇ," ಎಂದ ಗುಂಡಣ್ಣ.

"ಇನ್ನೊಂದು ಕಥೆ ಕಟ್ಟಬೇಡಿ. ನಾಳೆಯಿಂದ ಬರಲೂ ಬೇಡಿ."

ಆತ ಟಾರ್ಚನ್ನು ಮೇಜಿನ ಮೇಲಿಟ್ಟ. ಬಾಗಿಲ ಬಳಿ ಒಮ್ಮೆ ತಿರುಗಿದ. ಅವಳು ತಲೆ ಎತ್ತಲಿಲ್ಲ, ಹೊರಟುಹೋದ.

ಮರುದಿನ ಶುಕ್ರವಾರ. ಊರ್ಮಿಳಾ ಫಾರಂಗಳನ್ನು ಚೀಲಕ್ಕೆ ತುರುಕಿಕೊಂಡು ಎಲೆಕ್ಟ್ರಿಕ್ ಟ್ರೇನ್ ಹತ್ತಿದಳು. ಸಂತೆಯ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಆ ಬೀದಿ ಹೊಕ್ಕಳು. ಒಂದೊಂದು ಸುಳ್ಳನ್ನೂ ಹಿಡಿದು ಸೋಮವಾರ ಸಮಿತಿಯ ಮುಂದೆ ಸುರಿಯಬೇಕು, ಅಷ್ಟೇ.

ಮೊದಲ ಮನೆಯ ಬಾಗಿಲು ತೆರೆದವಳು ನಡುವಯಸ್ಸಿನ ಹೆಂಗಸು. ಊದಿದ ಕಣ್ಣು, ಕಟ್ಟಿದ ಮೂಗು. ಊರ್ಮಿಳಾ ಫಾರಂ ನೋಡಿದಳು. ಎಡಹಣೆಯಲ್ಲಿ ನೋವು, ಹಸಿರು ಕೀವು, ಏಳು ವರ್ಷ. ಅಕ್ಷರಕ್ಷರವೂ ನಿಜ! ಮುಖವೂ ಗುರುತಿನದು. ಎಣ್ಣೂರಿನ ಭಾನುವಾರದ ಸಾಲಿನಲ್ಲಿ ಮೊದಲು ಬಂದು ಕೂರುತ್ತಿದ್ದ ಜಗದೇವಿ, ಕಲಬುರ್ಗಿ ಕಡೆಯವಳು. ಅವಳಿಗೋ ಹಿಡಿಸಲಾರದ ಸಂತೋಷ. ಡಾಕ್ಟರಬಾಯಿ ಬಂದಾರ ಎಂದು ಅಕ್ಕಪಕ್ಕದವರನ್ನು ಕೂಗಿದಳು. ಬಾಗಿಲುಗಳು ತೆರೆದವು. ಮೂಗು ಸೊರಸೊರ ಎಳೆಯುತ್ತ ತಮಿಳಿನವರು, ತೆಲುಗಿನವರು, ಮಕ್ಕಳು ಮರಿ ಎಲ್ಲ ಬಂದು ಕೈ ಮುಗಿದರು. ಒಬ್ಬೊಬ್ಬರನ್ನೂ ಅವಳು ಬಲ್ಲಳು.

ಊರ್ಮಿಳಾಗೆ ಈಗ ಅರ್ಥವಾಯಿತು. ಎಣ್ಣೂರಿನ ರೋಗಿಗಳೆಲ್ಲ ಇಲ್ಲಿದ್ದಾರೆ. ಅಲ್ಲಿ ಉಳಿದವರು ಗಟ್ಟಿಮುಟ್ಟಾದವರು. ಪಾಪ, ಗುಂಡಣ್ಣ ಕಂಡದ್ದನ್ನೇ ಬರೆದಿದ್ದ. ಅಂಕಿ ಕೆಡಿಸಲು ಒಂದು ಓಣಿಗೆ ಓಣಿಯನ್ನೇ ಎತ್ತಿಸಿದ್ದಾರೆ, ಎಂಥ ನೀಚರು!

"ನಿಮ್ಮನ್ನೆಲ್ಲ ಎಣ್ಣೂರು ಬಿಡಿಸಿದವರು ಯಾರು? ಹೆದರಬೇಡಿ, ಹೆಸರು ಹೇಳಿ. ಈ ಹಾಳು ಕೆಲಸ ಮಾಡಿದವರನ್ನು ಸೋಮವಾರ ಸಮಿತಿಯ ಮುಂದೆ ನಿಲ್ಲಿಸುತ್ತೇನೆ."

ಜಗದೇವಿ ಮಿಕಿಮಿಕಿ ನೋಡಿದಳು.

"ಈ ಹೊಗ್ಯಾಗ ಇರಬ್ಯಾಡ್ರಿ, ಪಲ್ಲಾವರದ ಸಂತಿ ಹಿಂದ ಬಾಡಿಗಿ ಅಗ್ಗ ಅದ, ಗಾಳಿ ಚಲೋ ಅದ, ಅಲ್ಲಿಗಿ ಹೋಗ್ರಿ ಅಂತ ಒಬ್ಬೊಬ್ಬರಿಗೂ ಹೇಳಿದವರು ನೀವ ಅಲ್ಲೇನ್ರಿ, ಡಾಕ್ಟರಬಾಯಾರ?"